ಸುಗಟೂರಿನ ಸೊಪ್ಪು

ಕೌಸ್ತುಭ್ ಆ ಬೆಳಿಗ್ಗೆ ಶ್ವೇತಳ ಹೆಸರನ್ನು ಎಷ್ಟನೇ ಸಲ ಎತ್ತಿದನೋ, ಸೌಪರ್ಣಿಕಾ ಲೆಕ್ಕ ಇಡುವುದನ್ನೇ ಬಿಟ್ಟಿದ್ದಳು.

ಕೋಲಾರದ ಕಾಲೇಜಿನ ಆ ಪುಟ್ಟ ಲ್ಯಾಬಿನಲ್ಲಿ ರಿಸರ್ಚ್ ಮಾಡುವವರು ಅವರಿಬ್ಬರೇ. ಎಲೆಯ ರಸ ತೆಗೆದು, ಗಾಯವನ್ನು ಕೀವುಗಟ್ಟಿಸುವ ಬ್ಯಾಕ್ಟೀರಿಯಾವನ್ನು ಅದು ತಡೆಯುತ್ತದೆಯೇ ಎಂದು ನೋಡುವುದು ಕೆಲಸ. ಅವಳದು ಮುಳಬಾಗಿಲಿನ ಮನೆಯ ಹಿತ್ತಲಿನ ಸೀಬೆ ಎಲೆ. ಅವನದು ಹಿಪ್ಪುನೇರಳೆ ಸೊಪ್ಪು, ಅದೂ ಸುಗಟೂರಿನ ಶ್ವೇತಳೇ ಕೊಟ್ಟದ್ದಾಗಬೇಕು. ಶ್ವೇತ ಅವನ ಡಿಗ್ರಿ ಕ್ಲಾಸ್‌ಮೇಟ್. ಈಗ ಅಪ್ಪ ಮುನಿಕೃಷ್ಣಪ್ಪನ ಜೊತೆ ರೇಷ್ಮೆಹುಳು ಸಾಕುತ್ತಾಳೆ. ವಾರವಾರವೂ ಇವನು ಬಸ್ಸು ಹತ್ತಿ ಅಲ್ಲಿಗೆ ಓಡುತ್ತಾನೆ.

"ನೋಡಿಲ್ಲಿ," ಎಂದು ಅವನು ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ರಸ ಬಿಟ್ಟ ಜಾಗದ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ, ರೂಪಾಯಿ ನಾಣ್ಯದಷ್ಟು ಅಗಲಕ್ಕೆ ತಿಳಿಯಾಗಿತ್ತು. ಅವಳ ಸೀಬೆ ಎಲೆಯ ಸುತ್ತ ಶರ್ಟಿನ ಗುಂಡಿಯಷ್ಟೂ ಇರಲಿಲ್ಲ. ಕೈಯಲ್ಲಿ ಗ್ಲೌಸ್ ಇದ್ದುದರಿಂದ ಮಣಿಕಟ್ಟಿನಿಂದಲೇ ಕನ್ನಡಕ ಏರಿಸಿಕೊಳ್ಳುತ್ತಾ ಅವಳ ಕಡೆ ನೋಡಿ ನಕ್ಕ. ಆ ನಗು ಅವಳಿಗೆ ಬಲು ಇಷ್ಟ. ಇವತ್ತು ಮಾತ್ರ ಮೈಯೆಲ್ಲ ಉರಿಯಿತು.

"ಸೊಪ್ಪು ಚೆನ್ನಾಗಿದ್ಯೋ, ಕೊಟ್ಟೋರು ಚೆನ್ನಾಗಿದಾರೋ?"

"ಎರಡೂ," ಎಂದುಬಿಟ್ಟ ಪುಣ್ಯಾತ್ಮ.

ಸೋಮವಾರ ಈ ಫಲಿತಾಂಶವನ್ನು ಅವನು ಪ್ರೊಫೆಸರುಗಳ ಮುಂದೆ ಇಡಬೇಕಿತ್ತು. ಅದನ್ನೇ ಹೇಳಿಕೊಂಡು ಕುಣಿಯುತ್ತಾ ಟೀ ಕುಡಿಯಲು ಹೋದ. ಅವನು ಬಾಗಿಲು ದಾಟಿದ್ದೇ ತಡ, ಸೌಪರ್ಣಿಕಾ ಸೊಪ್ಪಿನ ಕವರಿಗೆ ಕೈ ಹಾಕಿದಳು. ಅಂಥದ್ದೇನಿದೆ ಈ ಮಹಾರಾಣಿಯ ಸೊಪ್ಪಿನಲ್ಲಿ ಎಂದು ನೋಡಿಯೇಬಿಡಬೇಕಿತ್ತು.

ಬೆರಳಿಗೆ ಬಿಳಿ ಪುಡಿ ಅಂಟಿತು. ಮುಖಕ್ಕೆ ಹಾಕಿದ ಪೌಡರ್ ಸೊಪ್ಪಿಗೆ ಉದುರುವಷ್ಟು ಅಲಂಕಾರವೇ ಎಂದು ಮೊದಲು ಹೊಟ್ಟೆ ಉರಿಯಿತು. ಮೂಸಿ ನೋಡಿದರೆ ಬ್ಲೀಚಿಂಗ್ ಪೌಡರಿನ ಘಾಟು. ಕೌಸ್ತುಭ್ ಈ ಸೊಪ್ಪನ್ನು ತೊಳೆಯುವುದೇ ಇಲ್ಲವೆಂಬುದು ಆಗ ಅವಳಿಗೆ ನೆನಪಾಯಿತು. ಹುಳು ತಿನ್ನೋ ಸೊಪ್ಪಿಗೆ ಯಾರೂ ಔಷಧಿ ಹೊಡೆಯಲ್ಲ, ಇದಕ್ಕಿಂತ ಶುದ್ಧವಾದ ಎಲೆ ಜಿಲ್ಲೆಯಲ್ಲೇ ಇಲ್ಲ ಎನ್ನುವುದು ಅವನ ವಾದ. ರೇಷ್ಮೆಯ ಊರುಗಳಲ್ಲಿ ಓಡಾಡಿದವರೆಲ್ಲ ಹಾಗೇ ಹೇಳುತ್ತಾರೆ.

ಅವಳು ಒಂದು ಹಿಡಿ ಸೊಪ್ಪು ತೊಳೆದಳು. ತೊಳೆದ ನೀರನ್ನು ಬ್ಯಾಕ್ಟೀರಿಯಾ ಇದ್ದ ಒಂದು ತಟ್ಟೆಗೂ, ತೊಳೆದ ಸೊಪ್ಪಿನ ರಸವನ್ನು ಇನ್ನೊಂದಕ್ಕೂ ಬಿಟ್ಟಳು. ಶನಿವಾರ ನೋಡಿದರೆ ನೀರಿನ ತಟ್ಟೆಯಲ್ಲಿ ನಾಣ್ಯದಷ್ಟು ತಿಳಿ, ರಸದ ತಟ್ಟೆಯಲ್ಲಿ ಗುಂಡಿಯಷ್ಟು. ಕೊಲ್ಲುತ್ತಿದ್ದುದು ಎಲೆಯಲ್ಲ, ಪುಡಿ.

ಒಂದು ಕ್ಷಣ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಮ್ಮನಿದ್ದರೆ ಸಾಕು. ಸೋಮವಾರ ಯಾರಾದರೂ ತಪ್ಪು ಹಿಡಿಯುತ್ತಾರೆ, ಇವನು ಶ್ವೇತಳ ಮೇಲೆ ಮುನಿಸಿಕೊಳ್ಳುತ್ತಾನೆ, ಸುಗಟೂರಿನ ಬಸ್ಸು ತಪ್ಪುತ್ತದೆ. ಆದರೆ ಆ ಪ್ರೊಫೆಸರುಗಳ ಮುಂದೆ ತಲೆತಗ್ಗಿಸಿ ನಿಂತ ಅವನ ಮುಖ ಕಣ್ಣಮುಂದೆ ಬಂತು. ಅದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾನೆ. ಅಂದುಕೊಳ್ಳಲಿ ಎಂದು ಎರಡೂ ತಟ್ಟೆಗಳನ್ನು ಅವನ ಮುಂದಿಟ್ಟು, ಯಾವುದು ತೊಳೆದ ನೀರು, ಯಾವುದು ರಸ ಎಂದು ಹೇಳಿದಳು.

ಅವನು ಎರಡನ್ನೂ ಬೆಳಕಿಗೆ ಹಿಡಿದು ನೋಡಿದ. ಮುಖ ಬಾಡಿತು. "ಮೊದಲಿಂದಲೂ ನಿನಗೆ ಅವಳನ್ನ ಕಂಡ್ರೆ ಆಗಲ್ಲ. ಹೊಟ್ಟೆಕಿಚ್ಚಿಗೆ ಮಾಡಿದ್ದಾ ಇದನ್ನ?"

"ಹೌದು ಕಣೋ, ಹೊಟ್ಟೆಕಿಚ್ಚೇ," ಎಂದಳು. "ಆದ್ರೂ ಪುಡಿ ಪುಡಿನೇ."

ಅವನು ಶ್ವೇತಳಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಸೊಪ್ಪನ್ನು ತೋಟದಿಂದಲೇ ಕಿತ್ತು ಕೊಟ್ಟೆಯಾ ಎಂದು ಕೇಳಿದ. ಆ ಕಡೆಯಿಂದ ನಗು ಕೇಳಿಸಿತು.

"ಕೀಳೋಕೆ ನೀನೆಲ್ಲಿ ಬಿಡ್ತೀಯ? ಬಂದ ಕಾಲಲ್ಲೇ ಹೊರಡ್ತೀಯ. ಸೌಪರ್ಣಿಕಾ ಮುಳಬಾಗಿಲು ಬಸ್ಸು ಹತ್ತೋ ಮುಂಚೆ ಕೋಲಾರ ಸೇರ್ಬೇಕು, ಇದ್ದಿದ್ದು ಕೊಡು ಅಂತೀಯ. ಅದಕ್ಕೇ ಹುಳು ಮನೇಲಿ ನೆಲದ ಮೇಲೆ ಬಿದ್ದಿದ್ದನ್ನೇ ಬಾಚಿ ತುಂಬಿದೆ. ಹುಳಕ್ಕೆ ರೋಗ ಬರದಿರಲಿ ಅಂತ ಅಲ್ಲೆಲ್ಲ ಪುಡಿ ಉದುರಿಸಿರ್ತೀವಿ. ಯಾಕೆ, ಏನಾಯ್ತು?"

ಕೌಸ್ತುಭ್ ಗಡಿಬಿಡಿಯಲ್ಲಿ ಫೋನ್ ಕಟ್ ಮಾಡಿದ. ಕಿವಿಯ ತುದಿಯವರೆಗೂ ಕೆಂಪಾಗಿದ್ದ. ಸೌಪರ್ಣಿಕಾ ನೆಲ ನೋಡುತ್ತಾ ನಿಂತಳು. ಇಷ್ಟು ದಿನ ಯಾವ ಬಸ್ಸನ್ನು ಶಪಿಸಿದ್ದಳೋ, ಆ ಬಸ್ಸಿನಲ್ಲಿ ಅವನು ಓಡೋಡಿ ಬರುತ್ತಿದ್ದದ್ದು ತನ್ನ ಬಳಿಗೆ.

"ಸೋಮವಾರ ಏನ್ ಹೇಳ್ತೀಯ?" ಎಂದು ಮೆಲ್ಲಗೆ ಕೇಳಿದಳು.

"ಇದ್ದಿದ್ದನ್ನೇ ಹೇಳ್ತೀನಿ. ಎಲೆ ಅಲ್ಲ, ಪುಡಿ ಅಂತ."

"ತಪ್ಪು ಹೇಗಾಯ್ತು ಅಂತ ಕೇಳಿದ್ರೆ?"

ಅವನು ಗ್ಲೌಸ್ ಬಿಚ್ಚಿಟ್ಟ. ಈ ಸಲ ನಗಲಿಲ್ಲ, ಅವಳ ಕಣ್ಣನ್ನೇ ನೋಡಿದ. "ಆತುರದಲ್ಲಿ ಆಯ್ತು ಅಂತೀನಿ. ಆತುರ ಯಾಕೆ ಅನ್ನೋದನ್ನ ನಿನಗೊಬ್ಬಳಿಗೇ ಹೇಳ್ತೀನಿ."

ಮುಳಬಾಗಿಲಿನ ಬಸ್ಸು ಹೊರಡುವ ಹೊತ್ತಾಗಿತ್ತು. ಸೌಪರ್ಣಿಕಾ ಹೆಗಲಿನ ಬ್ಯಾಗು ಇಳಿಸಿ, ಸ್ಟೂಲು ಎಳೆದುಕೊಂಡು ಅವನೆದುರು ಕೂತಳು.

"ಹೇಳು," ಎಂದಳು.