ಎರಡು ಮಷೀನು ಹೂಂ ಅಂದರೆ ಸಾಕು

ಚಾಕುವಿನ ತುದಿ ನನ್ನ ಕುತ್ತಿಗೆಗೆ ತಾಕಿತ್ತು.

"ವೈರ್ ಬುಡ್ಲಾ!"

ಬಿಡಲಿಲ್ಲ. ಎಳೆದೆ!

ಹಾರೋಹಳ್ಳಿ ಕ್ಲಿನಿಕ್ಕಿನ ಸರ್ವರ್ ಹೊರಜಗತ್ತಿನಿಂದ ಕಡಿದುಹೋಯಿತು. ಮೊಣಕೈಯಲ್ಲಿ ಚಾಕು ಹಿಡಿದವನ ಮೂಗಿಗೆ ಒಂದು ಕೊಟ್ಟು ಓಡಿದೆ.

ನಾನು ಅಶ್ವಥ್. ರಾಮನಗರದಲ್ಲಿ ಡಿಟೆಕ್ಟಿವ್. ಕಾರ್ಖಾನೆಯ ಬಾಯ್ಲರ್ ಸಿಡಿದು ಗಫಾರ್ ಅನ್ನುವ ಕೆಲಸಗಾರ ಸತ್ತಿದ್ದ. ಕ್ಲಿನಿಕ್ಕಿನ ರಕ್ತಪರೀಕ್ಷೆಯಲ್ಲಿ ಮದ್ಯದ ಸುಳಿವೂ ಇರಲಿಲ್ಲ. ಆದರೆ ಕುಡಿದು ಬಾಯ್ಲರ್ ಕೆಡಿಸಿದ ಅಂದರೆ ಕಾರ್ಖಾನೆ ಬಚಾವ್! ಕ್ಲಿನಿಕ್ಕಿನ ಮಾಲೀಕ ಮುನಿಕೃಷ್ಣ ರಿಪೋರ್ಟ್ ತಿದ್ದಲು ಒಪ್ಪಿದ್ದ. ಅವನು ತಿದ್ದುವ ಮೊದಲೇ ಮಷೀನ್ ನಿಲ್ಲಿಸಬೇಕಿತ್ತು.

ಗಫಾರನ ಹೆಂಡತಿ ನೂರೀನ್ ನನ್ನ ಹತ್ತಿರ ಬಂದಿದ್ದಳು.

"ಅವ್ರು ಜಿಂದಗೀಲಿ ಒಂದು ಸಲಾನೂ ಕುಡ್ದಿಲ್ಲ ಭಾಯ್... ಮಕ್ಕಳಿಗೆ ಕುಡುಕನ ಮಕ್ಕಳು ಅನ್ನಿಸ್ಬೇಡಿ."

ನಾನು ಕ್ಲಿನಿಕ್ಕಿನಿಂದ ಹೊರಗೆ ಓಡಿ ಬಂದಾಗ ಮನೋಹರ್ ಬೈಕ್ ಸ್ಟಾರ್ಟ್ ಮಾಡಿಕೊಂಡಿದ್ದ. ಆ ಕ್ಲಿನಿಕ್ಕಿನ ಡೇಟಾಬೇಸ್ ಕಟ್ಟಿದವನು. ತಿದ್ದಲು ಒಪ್ಪದೆ ಕೆಲಸ ಬಿಟ್ಟವನು.

"ಮುಗೀತಾ?" ಅಂದೆ.

"ಎಲ್ಲಿ ಅಣ್ಣ! ಹಾರೋಹಳ್ಳಿ, ಚನ್ನಪಟ್ಟಣ, ರಾಮನಗರ... ಕ್ಲಿನಿಕ್ಕಿನ ಮೂರು ಬ್ರಾಂಚಲ್ಲಿ ಮೂರು ಮಷೀನ್ ಅವೆ. ಮೂರರಲ್ಲೂ ಅವೇ ಟೇಬಲ್‌ಗಳು, ಅದೇ ದಾಖಲೆ. ಒಂದು ಕೆಟ್ಟೋದ್ರೂ ರೋಗಿ ಕೆಲ್ಸ ನಿಲ್ಬಾರ್ದಲ್ಲ? ಏನೇ ಬರೆದ್ರೂ ಎರಡು ಮಷೀನು ಹೂಂ ಅಂದ್ರೆ ಸಾಕು. ಬರೆದಂಗೇ ಲೆಕ್ಕ."

"ಒಂದನ್ನ ಕಿತ್ತೆವಲ್ಲ?"

"ಮಿಕ್ಕೆರಡು ಸೇರ್ಕೊಂಡು ಒಂದನ್ನ ಲೀಡರ್ ಅಂತ ಆರಿಸ್ಕೊಂಡು ಬರೀತಾನೇ ಇರ್ತವೆ. ಇನ್ನೊಂದನ್ನೂ ಕೀಳ್ಬೇಕು. ಆಗ ಉಳಿಯೋದು ಒಂಟಿ. ಒಂಟಿ ಮಷೀನು ಒಂದಕ್ಷರಾನೂ ಬರೆಯಲ್ಲ!"

ರಾಮನಗರದ ಕಡೆ ಹಾರಿದೆವು. ಹಿಂದೆ ಜೀಪು... ಮೂಗು ಒಡೆಸಿಕೊಂಡ ಮುನಿಕೃಷ್ಣನ ಆಳೇ! ಕೈಲಾಂಚದ ಹತ್ತಿರ ರಸ್ತೆ ಮೇಲೆ ರಾಗಿ ತೆನೆ ಹರಡಿದ್ದರು. ನಾವು ಅಂಚಿನಲ್ಲಿ ನುಗ್ಗಿದೆವು. ಜೀಪು ಜಾರಿತು. ಹಿಪ್ಪುನೇರಳೆ ತೋಟದೊಳಗೆ ಮಗುಚಿತು.

ರಾಮನಗರದ ಕ್ಲಿನಿಕ್ಕಿನಲ್ಲಿ ಮುನಿಕೃಷ್ಣ ಟೀ ಕುಡಿಯುತ್ತಿದ್ದ. ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದ.

"ಒಸಿ ಲೇಟಾಯ್ತು ಕಣ್ರಪ್ಪಾ."

ಮನೋಹರ್ ಬಗ್ಗಿ ಸ್ಕ್ರೀನ್ ಓದಿದ. "ರಕ್ತದ ರಿಸಲ್ಟು, ಸಾವಿನ ಕಾರಣ... ಎರಡು ಟೇಬಲ್ಲೂ ಒಟ್ಟಿಗೆ ತಿದ್ದವ್ರೆ. ಎಲ್ಲೂ ತಾಳೆ ತಪ್ಪಂಗಿಲ್ಲ. ಚನ್ನಪಟ್ಟಣನೂ ಹೂಂ ಅಂದ್ಬುಟ್ಟೈತೆ. ಹಳೇ ಬ್ಯಾಕಪ್‌ನೆಲ್ಲ ಅಳಿಸವ್ರೆ..."

ಹೊರಗೆ ಬಂದೆವು. ಇದ್ದಕ್ಕಿದ್ದಂತೆ ಅವನು ನನ್ನ ತೋಳು ಹಿಡಿದ.

"ಅಣ್ಣ! ಹಾರೋಹಳ್ಳಿ ಮಷೀನು! ವೈರ್ ಕಿತ್ತೀವಿ... ಈ ಸುಳ್ಳು ಅದಕ್ಕಿನ್ನೂ ಮುಟ್ಟಿಲ್ಲ. ಅದ್ರಲ್ಲಿ ನಿಜ ಹಂಗೇ ಐತೆ!"

ಬಂದ ದಾರಿಯಲ್ಲೇ ವಾಪಸ್. ನಾನು ದೇವರನ್ನು ನೆನೆಯುವವನಲ್ಲ. ಅವತ್ತು ನೆನೆದೆ.

ಸರ್ವರ್ ರೂಮಿನ ಬಾಗಿಲಲ್ಲಿ ವಾಚ್‌ಮನ್ ರಾಮಲಿಂಗಯ್ಯ ನಗುತ್ತಾ ನಿಂತಿದ್ದ.

"ವೈರ್ ಕಿತ್ತೋಗಿತ್ತು ಸಾ. ರೋಗಿಗಳಿಗೆ ತೊಂದ್ರೆ ಆದಾತು ಅಂತ ನಾನೇ ಚುಚ್ಚಿದೆ."

ಮನೋಹರ್ ಒಳಗೆ ಹೋಗಿ ಆ ವೈರ್ ಮುಟ್ಟಿ ನೋಡಿದ.

"ಚುಚ್ಚಿದ ತಕ್ಷಣ ಅದು ಮಿಕ್ಕೆರಡನ್ನ ಕೇಳ್ತದೆ... ನಾನಿಲ್ದಾಗ ಏನಾಯ್ತು ಅಂತ. ಹೇಳಿದ್ದನ್ನ ಹಂಗೇ ಬರ್ಕೊತದೆ."

ಗಫಾರ್ ಈಗ ಮೂರು ಊರಲ್ಲೂ ಕುಡುಕ.

ಫೋನ್ ಬಂತು. ನೂರೀನ್.

"ಅಸ್ಲೀ ರಿಪೋರ್ಟ್ ಸಿಕ್ತಾ ಭಾಯ್?"

"ಇಲ್ಲಮ್ಮ."

ಅವಳು ಅಳಲಿಲ್ಲ. ಫೋನಿಟ್ಟಳು. ಅತ್ತಿದ್ದರೆ ವಾಸಿಯಿತ್ತು.

"ಅದನ್ನ ಅಳಿಸೋಕೆ ಏನೂ ದಾರಿ ಇಲ್ವಾ?" ಮನೋಹರನನ್ನು ಕೇಳಿದೆ.

"ಒಂದು ಮಷೀನ್ ಸುಟ್ಟಾಕಿದ್ರೂ ಆ ಸುಳ್ಳು ಸಾಯಲ್ಲ ಅಣ್ಣ... ಅಷ್ಟು ಚೆನ್ನಾಗಿ ಕಟ್ಟಿದ್ದೀನಿ!"