ಕೊಡುಗಾಲು, ಕೊಳ್ಳುಗಾಲು

ವನಜಾ ಬಡಿಗೇರ ಬಲಗಾಲಿನಿಂದ ಪೆಡಲ್ ತುಳಿದಳು. ಇತ್ತ ಖಾಲಿ ನೆಲದ ಮೇಲೆ ಸುಮ್ಮನೆ ಇಟ್ಟಿದ್ದ ಎಡಗಾಲು, ಯಾರೂ ಹೇಳದಿದ್ದರೂ, ಹಿಮ್ಮಡಿ ಎತ್ತಿ ಬೆರಳೂರಿತು. ಮತ್ತೆ ತುಳಿದಳು. ಎಡಗಾಲು ಮತ್ತೆ ಅದನ್ನೇ ಮಾಡಿತು. ಎರಡೂ ಕಾಲುಗಳಿಗೆ ಮೊಣಕಾಲಿನವರೆಗೆ ಕಪ್ಪು ಚೀಲ ತೊಡಿಸಿದ್ದರು. ಚೀಲಗಳಿಂದ ಹೊರಟ ತಂತಿಗಳು ಸೊಂಟದ ಪಟ್ಟಿಯಲ್ಲಿ ಕೂಡಿಕೊಂಡು ತಲೆಯ ಮೇಲಿನ ಟೊಪ್ಪಿಗೆಗೆ ಹೋಗಿದ್ದವು.

“ನಾ ಏನೂ ಮಾಡವಲ್ಲೆ ಸರ್, ಅದ ತಾನ ಕುಣ್ಯಾಕತ್ತೈತಿ,” ಎಂದಳು ವನಜಾ.

“ಕುಣೀಲಿ ಬಿಡ್ರಿ,” ಎಂದರು ಪರದೆಯ ಮುಂದೆ ಕುಳಿತಿದ್ದ ಡಾ. ವಿನಾಯಕ ನಾಡಗೀರ. “ಅಣ್ಣ ಮಾಡೋದು ನೋಡಿ ತಮ್ಮ ಕಲೀಲಿಕ್ಕೆ ಹತ್ಯಾನ.”

ಧಾರವಾಡದ ಆ ಚಿಕಿತ್ಸಾಲಯದಲ್ಲಿದ್ದ ಯಂತ್ರದ ಹೆಸರು ಚಲನಮುದ್ರಕ. ಅದರ ತತ್ವ ಸರಳ; ಇಂಥ ಯಂತ್ರಗಳ ತತ್ವ ಯಾವಾಗಲೂ ಸರಳವಾಗಿಯೇ ಇರುತ್ತದೆ, ಪಜೀತಿಯೆಲ್ಲ ಆಮೇಲೆ. ಒಂದೇ ಚಲನೆಯನ್ನು ವರ್ಷಗಟ್ಟಲೆ ಮಾಡುತ್ತ ಬಂದರೆ ಮಿದುಳಿನಲ್ಲಿ ಅದರ ಅಚ್ಚು ನಿಲ್ಲುತ್ತದೆ. ಸಹಿ ಹಾಕುವಾಗ ಕೈ ಯೋಚಿಸುವುದಿಲ್ಲ, ಸೈಕಲ್ ತುಳಿಯುವಾಗ ಕಾಲು ಯೋಚಿಸುವುದಿಲ್ಲ, ಎಲ್ಲವನ್ನೂ ಆ ಅಚ್ಚೇ ನೋಡಿಕೊಳ್ಳುತ್ತದೆ. ನಾಡಗೀರರು ಅದನ್ನು ಚಲನಮುದ್ರೆ ಎಂದು ಕರೆದರು. ಬಲವಾದ ಅಂಗದ ಮುದ್ರೆಯನ್ನು ಓದಿ, ಕನ್ನಡಿಯಲ್ಲಿ ಕಂಡಂತೆ ಮಗುಚಿ, ದುರ್ಬಲ ಅಂಗಕ್ಕೆ ಬರೆಯುವುದು ಯಂತ್ರದ ಕೆಲಸ. ಯಾವ ಕಾಲಿನಿಂದ ಓದುತ್ತದೋ ಅದು ಕೊಡುಗಾಲು, ಯಾವುದಕ್ಕೆ ಬರೆಯುತ್ತದೋ ಅದು ಕೊಳ್ಳುಗಾಲು. ಹೊಸದನ್ನು ಬರೆಯುವ ಮೊದಲು ಸ್ಲೇಟು ಒರೆಸಬೇಕಲ್ಲ. ಕೊಳ್ಳುಗಾಲಿನ ಹಳೆಯ ಮುದ್ರೆಯನ್ನು ಯಂತ್ರ ಹಾಗೆಯೇ ಒರೆಸಿ ಹಾಕುತ್ತಿತ್ತು. ಅದು ಹುಟ್ಟಿದ್ದು ಲಕ್ವ ಹೊಡೆದವರಿಗಾಗಿ. ಅವರ ಕೊಳ್ಳುಗಾಲಿನಲ್ಲಿ ಒರೆಸುವುದಕ್ಕೆ ಹೆಚ್ಚೇನೂ ಉಳಿದಿರುತ್ತಿರಲಿಲ್ಲ, ಹಾಗಾಗಿ ಒರೆಸುವುದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ವನಜಾಗೆ ಲಕ್ವ ಹೊಡೆದಿರಲಿಲ್ಲ. ಅವಳು ಹುಬ್ಬಳ್ಳಿಯ ‘ಕರಿಗಲ್ಲು’ ಎಂಬ, ಅಬ್ಬರದ ಮೆಟಲ್ ಸಂಗೀತ ನುಡಿಸುವ ಬ್ಯಾಂಡಿನ ಡ್ರಮ್ಮರ್. ಆ ಕಾಲಕ್ಕೆ ಬಹುತೇಕ ಬ್ಯಾಂಡುಗಳು ಡ್ರಮ್ಮರುಗಳನ್ನು ಮನೆಗೆ ಕಳಿಸಿ ಯಂತ್ರದ ತಾಳ ಹಾಕಿಕೊಂಡಿದ್ದವು. ನಮ್ಮಲ್ಲಿ ಮನುಷ್ಯರೇ ಬಾರಿಸುತ್ತಾರೆ ಎಂಬುದೊಂದೇ ಕರಿಗಲ್ಲಿನ ಹೆಮ್ಮೆ, ಆ ಹೆಮ್ಮೆ ನಿಂತಿದ್ದದ್ದು ವನಜಾಳ ಎರಡು ಪಾದಗಳ ಮೇಲೆ. ಡಬಲ್ ಬೇಸ್ ಎಂದರೆ ನೆಲದ ಮೇಲಿನ ದೊಡ್ಡ ಡ್ರಮ್ಮಿಗೆ ಎರಡು ಪೆಡಲ್, ಒಂದೊಂದು ಪಾದಕ್ಕೆ ಒಂದೊಂದು. ಪಾದಗಳು ಒಂದಾದ ಮೇಲೊಂದು ತುಳಿಯುತ್ತ ಹೋದರೆ ಎಡೆಬಿಡದ ಗುಡುಗು ಹೊರಡಬೇಕು. ಏಟುಗಳ ನಡುವಿನ ಅಂತರ ಕೂದಲೆಳೆಯಷ್ಟು ತಪ್ಪಿದರೂ ಗುಡುಗು ಹೋಗಿ ಕುಂಟು ಕುದುರೆಯ ಓಟ ಕೇಳುತ್ತದೆ.

ಕೆಲವು ವರ್ಷಗಳಿಂದ ವೇಗದ ಹಾಡುಗಳಲ್ಲಿ ಆ ಕುಂಟು ಕೇಳತೊಡಗಿತ್ತು. “ನಿನ್ನ ಎಡಗಾಲ ಎಡವಟ್ಟ ಮಾಡಾಕತ್ತೈತಿ, ವನಜಾ,” ಎಂದಿದ್ದ ಗುರುಪಾದ. ಅವನು ಬ್ಯಾಂಡಿನ ಗಿಟಾರ್ ವಾದಕ, ಯಜಮಾನನೂ ಅವನೇ. ಅಷ್ಟು ವೇಗದಲ್ಲಿ ಕಿವಿಗೆ ಕುಂಟು ತಿಳಿಯುತ್ತದೆಯೇ ಹೊರತು ಯಾವ ಕಾಲಿನದು ಎಂದು ತಿಳಿಯುವುದಿಲ್ಲ. ಆದರೆ ಯಾವ ಕಾಲು ಎಂದು ವಿಚಾರಿಸುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಎಡ ಅಂದ ಮೇಲೆ ಮುಗಿಯಿತು.

ವನಜಾ ಎಡಗಾಲಿನ ಮೇಲೆ ಸೇಡು ತೀರಿಸಿಕೊಳ್ಳುವವಳಂತೆ ಸಾಧನೆಗೆ ಇಳಿದಳು. ಬಲಗಾಲನ್ನು ಕುರ್ಚಿಯ ಅಡಿಗೆ ಸಿಕ್ಕಿಸಿ, ತಾಳ ಹಿಡಿಸುವ ಮೆಟ್ರೊನೋಮಿನ ಟಿಕ್ ಟಿಕ್‌ಗೆ ತಕ್ಕಂತೆ ಎಡಗಾಲೊಂದರಿಂದಲೇ ನಿಧಾನವಾಗಿ ಬಾರಿಸಿದಳು. ಹಿಮ್ಮಡಿ ಊರಿ, ಆಮೇಲೆ ಎತ್ತಿ. ಬಲದಿಂದ ಶುರುವಾಗುವ ವರಸೆಗಳನ್ನೆಲ್ಲ ಎಡದಿಂದ ಶುರು ಮಾಡಿದಳು. ಪೆಡಲ್ಲಿನ ಸ್ಪ್ರಿಂಗ್ ಬಿಗಿ ಮಾಡಿದಳು, ಸಡಿಲ ಮಾಡಿದಳು. ಹರಡಿಗೆ, ಪಾದದ ಕೀಲಿನ ಸುತ್ತ, ಉಸುಕಿನ ಚೀಲ ಕಟ್ಟಿದಳು. ಹಲ್ಲುಜ್ಜುವಾಗಲೂ ಎಡಗಾಲೊಂದರ ಮೇಲೆ ನಿಂತಳು. ವಿಚಿತ್ರವೆಂದರೆ, ಒಂಟಿಯಾಗಿ ಬಾರಿಸಿದರೆ ಆ ಕಾಲು ಚೊಕ್ಕಟವಾಗಿ ಬಾರಿಸುತ್ತಿತ್ತು. ಬಲಗಾಲಿನ ಜೊತೆ ಸೇರಿದ ಕೂಡಲೇ ಕುಂಟು. “ಒಬ್ಬಾಕೀನ ಇದ್ದಾಗ ನೆಟ್ಟಗಿರ್ತಿ, ಮಂದ್ಯಾಗ ಬಂದ್ರ ಮಾನ ಕಳೀತಿ,” ಎಂದು ವನಜಾ ಅದಕ್ಕೆ ಬೈಯುತ್ತಿದ್ದಳು. ಕಾಲು ಬಾತುಕೊಂಡಾಗಲೂ ಅವಳಿಗೆ ಕನಿಕರ ಬರಲಿಲ್ಲ.

ಕಡೆಗೆ ಗುರುಪಾದ ನೇರವಾಗಿ ಹೇಳಿದ. “ಪುಣೆ ಕಾರ್ಯಕ್ರಮದೊಳಗ ಸರಿ ಆಗ್ಲಿಲ್ಲಂದ್ರ ನಾವೂ ಯಂತ್ರ ಕುಂದ್ರಸೂದ. ಸಿಟ್ಟಾಗಬ್ಯಾಡ. ನನಗೂ ಕರುಳ ಐತಿ.” ಕರುಳಿನ ಮಾತು ಬಂದಾಗಲೇ ವನಜಾಗೆ ತನ್ನ ಕುರ್ಚಿ ಅಲ್ಲಾಡುತ್ತಿರುವುದು ಗೊತ್ತಾಯಿತು. ಹದಿನೆಂಟು ತುಂಬುವ ಮೊದಲೇ ಹತ್ತಿ ಕುಳಿತ ಕುರ್ಚಿ ಅದು. ಅದರ ಹೊರತು ಅವಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ನಾಡಗೀರರ ಯಂತ್ರದ ಸುದ್ದಿ ಕೇಳಿ ಅವಳು ಮೊದಲ ಸಲ ಧಾರವಾಡಕ್ಕೆ ಹೊರಟ ದಿನ ಅವ್ವ ಶಾಂತವ್ವ ಬಾಗಿಲಲ್ಲಿ ತಡೆದಿದ್ದಳು. “ನಿಲ್ಲು. ಎಡಗಾಲ ಮುಂದಿಟ್ಟಿ. ಹೊಳ್ಳಿ ಬಾ.” ಹುಟ್ಟಿದಾಗಿನಿಂದ ವನಜಾಳ ಎಡಗಾಲೇ ಮುಂದೆ. ಚೆಂಡು ಒದೆಯುವುದು ಅದರಿಂದ, ಹೊಸ್ತಿಲು ದಾಟುವುದು ಅದರಿಂದ. ಶಾಂತವ್ವ ಪ್ರತಿಸಲ ಅವಳನ್ನು ಹಿಂದಕ್ಕೆ ಕರೆದು ಬಲಗಾಲಿಡಿಸಿ ಕಳಿಸುತ್ತಿದ್ದಳು. ಮಗಳಿಗೆ ಮೂವತ್ತು ದಾಟಿದರೂ ಆ ಪಾಠ ಮುಗಿದಿರಲಿಲ್ಲ. ವನಜಾ ಗೊಣಗುತ್ತ ಒಳಗೆ ಬಂದು, ಬಲಗಾಲಿಟ್ಟು ಹೊರಟಳು.

ಚಿಕಿತ್ಸಾಲಯದಲ್ಲಿ ನಾಡಗೀರರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. “ನಿಮಗ ಯಾವ ಕಾಲಾಗ ಬಲ ಜಾಸ್ತಿ ಅದ?”

ವನಜಾ ನಕ್ಕಳು. “ಇದೂ ಕೇಳೂ ಮಾತೇನ್ರಿ ಸರ್? ಹೆಸರ ಹೇಳ್ತೈತಲ್ಲ. ಬಲಗಾಲಾಗ.”

ನಾಡಗೀರರೂ ನಕ್ಕರು. ಎರಡು ಕಾಲುಗಳನ್ನು ಅಳೆದು ಹೋಲಿಸುವ ವ್ಯವಸ್ಥೆ ಯಂತ್ರದಲ್ಲಿಯೇ ಇತ್ತು. ಅದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಲಕ್ವದ ರೋಗಿಗಳಿಗೆ ಅದು ಬೇಕಾಗುತ್ತಿರಲಿಲ್ಲ, ಅವರ ಯಾವ ಕಾಲು ಸತ್ತಿದೆ ಎಂದು ಕುರುಡನೂ ಹೇಳಬಹುದಿತ್ತು. ಹಾಗಾಗಿ ಅದನ್ನು ಯಾವತ್ತೋ ಕೈಬಿಟ್ಟಿದ್ದರು. ಬಲಗಾಲಿಗೆ ಕೊಡುಗಾಲಿನ ಚೀಲ ತೊಡಿಸಿದರು, ಎಡಗಾಲಿಗೆ ಕೊಳ್ಳುಗಾಲಿನದು. ಕಲಿತ ವಿಜ್ಞಾನಿ, ಪಳಗಿದ ಕಲಾವಿದೆ, ಇಬ್ಬರಿಗೂ ಒಂದು ಶಬ್ದವೇ ಸಾಕಾಯಿತು.

ಕೆಲವೇ ವಾರಗಳಲ್ಲಿ ಕುಂಟು ಮಾಯವಾಯಿತು. ಎರಡು ಪಾದಗಳೂ ಒಂದೇ ಅಚ್ಚಿನ ಇಟ್ಟಿಗೆಗಳಾದವು. ಗುರುಪಾದ ಗಿಟಾರನ್ನು ಕೆಳಗಿಟ್ಟು ಅಭ್ಯಾಸದ ಕೋಣೆಯ ನಡುವೆ ನಿಂತು ಕೇಳಿದ. “ಇದು ಕಾಲಲ್ಲ, ಯಂತ್ರ ಐತಿ ಬಿಡು,” ಎಂದ. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ವನಜಾ ಮಗುವಿನಂತೆ ಹಿಗ್ಗಿದಳು. ಉಸುಕಿನ ಚೀಲವನ್ನು ಒಯ್ದು ಕಸದ ಡಬ್ಬಿಗೆ ಹಾಕಿದಳು.

ಪುಣೆಯಲ್ಲಿ ಮೊದಲ ಹಾಡು ಚೆನ್ನಾಗಿ ಹೋಯಿತು. ಎರಡನೆಯದರ ನಡುವೆ, ವೇಗ ಏರಿದಾಗ, ಬಲಪಾದದ ಬೆರಳುಗಳು ಬೂಟಿನೊಳಗೆ ಮುದುರಿಕೊಂಡವು. ಹರಡು ಸೆಟೆದು ನಿಂತಿತು. ಆ ಗಳಿಗೆಯಲ್ಲಿ ವನಜಾ ಏನನ್ನೋ ಕಾಯ್ದಳು. ಏನನ್ನು ಕಾಯುತ್ತಿದ್ದಾಳೆಂದು ಅವಳಿಗೇ ತಿಳಿಯಲಿಲ್ಲ, ಆದರೆ ಮೈ ಕಾಯುತ್ತಿತ್ತು. ಇಂಥ ಹೊತ್ತಿನಲ್ಲಿ ಯಾರೋ ಬಂದು ಕೈ ಹಿಡಿಯುತ್ತಾರೆ ಎಂಬ ರೂಢಿಯ ನಂಬಿಕೆ ಅದು. ಯಾರೂ ಬರಲಿಲ್ಲ. ಎಡಪಾದದ ಬೆರಳುಗಳೂ ಅದೇ ರೀತಿ ಮುದುರಿಕೊಂಡವು, ಎಡ ಹರಡೂ ಸೆಟೆಯಿತು. ಗುಡುಗು ನಿಂತುಹೋಯಿತು.

ಗುರುಪಾದ ಒಮ್ಮೆ ಹಿಂದಿರುಗಿ ನೋಡಿದ. ಆಮೇಲೆ ತನ್ನ ಕಾಲ ಬಳಿಯಿದ್ದ ಒಂದು ಗುಂಡಿಯನ್ನು ಒತ್ತಿದ. ಯಂತ್ರದ ತಾಳ ಶುರುವಾಯಿತು. ಅಂದರೆ ಅವನು ಅದನ್ನು ಮೊದಲೇ ತಂದಿಟ್ಟುಕೊಂಡಿದ್ದ. ಕಾರ್ಯಕ್ರಮ ಮುಗಿಯುವವರೆಗೆ ವನಜಾ ಕುರ್ಚಿಯಲ್ಲಿ ಕುಳಿತು ಸುಮ್ಮನೆ ಕೈ ಆಡಿಸಿದಳು. ಜನ ಚಪ್ಪಾಳೆ ತಟ್ಟಿದರು. ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ನಾಡಗೀರರು ಈ ಸಲ ಅರ್ಧ ದಿನ ಅಳೆದರು. ಬ್ಯಾಂಡಿನ ಹಳೆಯ ಧ್ವನಿಮುದ್ರಣಗಳನ್ನೆಲ್ಲ ತರಿಸಿ, ಎರಡು ಪೆಡಲ್ಲುಗಳ ಸದ್ದಿನಲ್ಲಿದ್ದ ಸಣ್ಣ ವ್ಯತ್ಯಾಸ ಹಿಡಿದು, ಯಾವ ಏಟು ಯಾವ ಪಾದದ್ದೆಂದು ಯಂತ್ರದಿಂದ ಬಿಡಿಸಿದರು. ವನಜಾಳನ್ನು ಕರೆದು ಕೂರಿಸಿದರು.

“ಇದಕ್ಕ ಕಸುಬುಸೆಡೆತ ಅಂತಾರ,” ಎಂದರು. “ಬಾಕಿ ಎಲ್ಲಾ ಕೆಲಸಕ್ಕ ಅಂಗ ಸರಿ ಇರ್ತದ. ಯಾವ ಕೆಲಸಾ ಜೀವಮಾನಾ ಎಲ್ಲಾ ಮಾಡೀವೋ ಅದೊಂದಕ್ಕ ಸೆಟೀತದ. ದೋಷ ಕಾಲಾಗಿರೂದಿಲ್ಲ, ಮಿದುಳಿನ ಅಚ್ಚಿನ್ಯಾಗಿರ್ತದ.”

“ಯಾವ ಕಾಲಿಂದರಿ?”

“ಈಗ ಎರಡೂದು.”

“ಮೊದಲ ಯಾವುದಿತ್ತು?”

ನಾಡಗೀರರು ಕನ್ನಡಕ ತೆಗೆದು ಒರೆಸಿದರು. “ಬಲಗಾಲಿಂದು. ಮೂರು ವರ್ಷದಿಂದ ಅದು ತಡಾ ಮಾಡ್ತಿತ್ತು, ಒಮ್ಮೊಮ್ಮೆ ಏಟ ಬಿಡ್ತಿತ್ತು. ಬಿಟ್ಟಿದ್ದನ್ನ ಎಡಗಾಲು ಹಾಕ್ತಿತ್ತು. ತನ್ನದೂ ಹಾಕಿ, ಅದರದ್ದೂ ಹಾಕಿ, ಹೊಳ್ಳಿ ತನ್ನ ಜಾಗಾಕ್ಕ ಬರೋದ್ರಾಗ ಚೂರು ಹೆಚ್ಚುಕಡಿಮಿ ಆಗ್ತಿತ್ತು. ನೀವು ಕೇಳಿದ ಕುಂಟು ಅದು.”

ವನಜಾ ತನ್ನ ಎಡಗಾಲನ್ನು ನೋಡಿದಳು. ಹರಡಿನ ಸುತ್ತ ಉಸುಕಿನ ಚೀಲ ಕಟ್ಟಿದ ಗುರುತು ಇನ್ನೂ ಮಾಸಿರಲಿಲ್ಲ.

“ಎಡದ್ದು ಹಳೇ ಮುದ್ರೆ ಇಟ್ಟೀರೇನ್ರಿ?”

“ಕೊಡುಗಾಲಿಂದು ಇಟ್ಟೀವಿ.”

“ನಾ ಎಡದ್ದು ಕೇಳಾಕತ್ತೇನಿ.”

“ಕೊಳ್ಳುಗಾಲಿಂದು ಇಡೋ ಪದ್ಧತಿ ಇರಲಿಲ್ರಿ,” ಎಂದರು ನಾಡಗೀರ ಮೆಲ್ಲಗೆ. “ಇನ್ನ ಮುಂದ ಇಡ್ತೀವಿ. ಅಳತಿನೂ ಮೊದಲ ಮಾಡ್ತೀವಿ. ನಿಮ್ಮಿಂದ ಭಾಳ ಮಂದಿಗೆ ಉಪಕಾರ ಆಗ್ತದ.”

“ಅವತ್ತ ಅಳೀಬೇಕಿತ್ತಲ್ರಿ ಸರ್.”

“ನಾ ಕೇಳಿದ್ದೆನಲ್ರಿ.”

“ಕೇಳಿದ್ರಿ. ನಾನೂ ಹೇಳಿದೆ. ಇಬ್ರೂ ಕೂಡಿ ನಕ್ಕಿವಿ.”

ಅವಳಿಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬೈಯುವುದಕ್ಕೆ ಇಷ್ಟು ದಿನ ಎಡಗಾಲು ಇತ್ತು. ಈಗ ಅದೂ ಇರಲಿಲ್ಲ.

ಹುಬ್ಬಳ್ಳಿಗೆ ಬಂದು ಮನೆಯ ಮೆಟ್ಟಿಲು ಹತ್ತಿದಾಗ ಶಾಂತವ್ವ ಬಾಗಿಲು ತೆರೆದಳು. ಕೈಯಲ್ಲಿ ಹಿಟ್ಟಿತ್ತು. ಮಗಳ ಮುಖ ನೋಡುವ ಮೊದಲು, ಎಂದಿನಂತೆ, ಕಾಲು ನೋಡಿದಳು.

“ಬಲಗಾಲಿಡು.”

“ಯಾವುದಿಟ್ರೂ ಅಷ್ಟ ಅವ್ವಾ,” ಎಂದಳು ವನಜಾ. “ಎಡಗಾಲ ಅನ್ನೂದ ಇಲ್ಲ ಇನ್ನ ನನಗ. ಎರಡೂ ಬಲಗಾಲ.”

ಶಾಂತವ್ವ ಕೈ ಒರೆಸಿಕೊಂಡು ನಿಂತಳು. “ಡಾಕ್ಟರ್ ಮಾಡಿದ್ರೇನು?”

“ಹೂಂ.”

ವನಜಾಳ ಕಣ್ಣು ತುಂಬಿ ಬಂತು. ತಡೆಯಲಾಗಲಿಲ್ಲ, ಹೊಸ್ತಿಲ ಆಚೆಯೇ ನಿಂತು ಅತ್ತಳು. ಶಾಂತವ್ವನಿಗೆ ಅದು ಸಂತೋಷದ ಅಳು ಎನಿಸಿತು. ಮಗಳ ಗಲ್ಲ ಸವರಿದಳು, ಗಲ್ಲಕ್ಕೆ ಹಿಟ್ಟು ಹತ್ತಿತು.

“ಛಲೋ ಆತು ಬಿಡವಾ. ಇದಕ್ಕಾಗೇ ಅಲ್ಲೇನು, ನೀ ಸಣ್ಣಾಕಿದ್ದಾಗಿಂದ ನಾ ಬಡಕೊಂಡಿದ್ದು? ಬಾ, ರೊಟ್ಟಿ ಬಿಸಿ ಅದಾವು.”