ಕೆಂಚನಿಗೆ ವಾಸಿಯಾಗಿದೆ

ಅಪ್ಪ ಏಳುವುದರೊಳಗೆ ಮುಗಿಸಬೇಕಿತ್ತು. ಧನ್ಯಾ ಜಗುಲಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ನಾಯಿ ಮಾಡಿದ ಗಲೀಜಿನ ಮೇಲೆ ಒಲೆಬೂದಿ ಸುರಿದು, ರಟ್ಟಿನ ತುಂಡಿನಿಂದ ಎಲ್ಲವನ್ನೂ ಗೋರಿ ತೆಗೆದಳು. ವಾಸನೆಗೆ ಮೂಗನ್ನು ತೋಳಿಗೆ ಒತ್ತಿಕೊಂಡಳು. ಆಮೇಲೆ ಎರಡು ಬಕೆಟ್ ನೀರು ಸುರಿದು, ಫಿನಾಯಿಲ್ ಹಾಕಿ, ಪೊರಕೆಯಿಂದ ಉಜ್ಜಿದಳು. ಇದು ಐದನೇ ಬೆಳಗ್ಗೆ.

ಕೆಂಚ ಗೋಡೆಗೆ ಒರಗಿ ನಿಂತು, ಕಿವಿ ಹಿಂದಕ್ಕೆ ಮಾಡಿ ಅವಳನ್ನೇ ನೋಡುತ್ತಿತ್ತು.

"ಹಂಗ್ ನೋಡ್ಬೇಡ ಕೆಂಚ. ನಾನ್ ಯಾರ್ಗೂ ಹೇಳಲ್ಲ," ಎಂದು ಧನ್ಯಾ ಪಿಸುಗುಟ್ಟಿದಳು.

ಕೆಂಚನಿಗೆ ಹನ್ನೆರಡು ವರ್ಷ, ಧನ್ಯಾಳಿಗೆ ಹತ್ತು. ಹಳೇಕೋಟೆ ಪಕ್ಕದ ಆ ಊರಿನಲ್ಲಿ ಅಷ್ಟು ವಯಸ್ಸಾದ ನಾಯಿ ಇನ್ನೊಂದಿರಲಿಲ್ಲ. ಒಂದು ತಿಂಗಳಿಂದ ಅದಕ್ಕೆ ಭೇದಿ. ಎರಡು ದಿನ ನಿಲ್ಲುವುದು, ಮತ್ತೆ ಶುರುವಾಗುವುದು. ಪಶು ಆಸ್ಪತ್ರೆಯ ಡಾಕ್ಟರ್ ಕೀರ್ತಿರಾಜ್ ಮಾತ್ರೆ ಕೊಟ್ಟು, "ಹಾಲು ಬೇಡ, ಮುದ್ದೆ ಬೇಡ, ಬರೀ ಅನ್ನದ ಗಂಜಿ ಹಾಕಿ. ನಿಲ್ಲಲಿಲ್ಲ ಅಂದ್ರೆ ತಡ ಮಾಡ್ದೆ ಹೇಳಿ. ಬ್ಲಡ್ ಟೆಸ್ಟ್ ಮಾಡ್ಬೇಕಾಗುತ್ತೆ," ಎಂದಿದ್ದರು.

ಅಷ್ಟರಲ್ಲಿ ಅಜ್ಜಿ ಬಿದ್ದಳು. ಬೆಳಗಿನ ಮಬ್ಬಿನಲ್ಲಿ ಬಾಗಿಲಿಗೆ ನೀರು ಹಾಕಲು ಬಂದವಳು ಕೆಂಚ ಮಾಡಿದ್ದರ ಮೇಲೆ ಕಾಲಿಟ್ಟು ಜಾರಿದಳು. ಸೊಂಟಕ್ಕೆ ಬಲವಾದ ಏಟು. ಅಜ್ಜಿಯನ್ನು ಎತ್ತಿ ಮಂಚಕ್ಕೆ ಹಾಕಿದ ಅಪ್ಪ ಪುಟ್ಟರಾಜು ಸಿಟ್ಟಿನಿಂದ ಕೆಂಚನ ಕಡೆ ತಿರುಗಿ ಕೂಗಿದ.

"ಇನ್ನೊಂದ್ ಸಲ ಜಗ್ಲಿ ಮೇಲೆ ಮಾಡ್ಲಿ, ಆಟೋಗ್ ಹಾಕ್ಕಂಡ್ ಓಗಿ ಚನ್ನರಾಯಪಟ್ಣದ್ ರೋಡಲ್ಲಿ ಬಿಟ್ಬುಟ್ ಬತ್ತೀನಿ."

ಅಪ್ಪ ಹೇಳಿದ್ದನ್ನು ಮಾಡುವ ಮನುಷ್ಯ. ಕಾಲೆಳೆಯುವ ಮುದಿ ನಾಯಿ ಲಾರಿಗಳ ರೋಡಿನಲ್ಲಿ ಎಷ್ಟು ಹೊತ್ತು ಬದುಕೀತು? ಧನ್ಯಾಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಅಜ್ಜಿ ಮಂಚ ಹಿಡಿದ ಮೇಲೆ ಬಾಗಿಲಿಗೆ ನೀರು ಹಾಕುವ ಕೆಲಸ ಧನ್ಯಾಳ ಪಾಲಿಗೆ ಬಂತು. ಆ ಹೊತ್ತಿಗೆ ಅಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತಾಳೆ. ಹಗಲಿನಲ್ಲಿ ಕೆಂಚ ಹೇಗೋ ಹೊಲದವರೆಗೆ ಹೋಗಿ ಬರುತ್ತಿತ್ತು. ಹಾಗಾಗಿ ಯಾರಿಗೂ ಏನೂ ಗೊತ್ತಾಗಲಿಲ್ಲ.

"ನನ್ ಮೊಮ್ಮಗ್ಳು ಎಷ್ಟ್ ಜಾಣೆ ನೋಡು. ಜಗ್ಲಿ ಎಂಗ್ ಫಳಫಳ ಅಂತದೆ," ಎಂದು ಅಜ್ಜಿ ಅನಸೂಯಮ್ಮ ಮಂಚದಿಂದಲೇ ಹೊಗಳಿದಳು. "ಸದ್ಯ, ಕೆಂಚಂಗೂ ವಾಸಿಯಾಯ್ತು. ಪಾಪ, ಗಂಜಿ ಕುಡ್ದೂ ಕುಡ್ದೂ ಸೊರಗೋಗದೆ."

ಅಂದಿನಿಂದ ಅಜ್ಜಿ ತನ್ನ ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಸಿ, ಅದಕ್ಕೆ ಹಾಲು ಹಾಕಿ ಕಿವುಚಿ, ಮಂಚದ ಪಕ್ಕದಲ್ಲೇ ಕೆಂಚನಿಗೆ ಇಡತೊಡಗಿದಳು. ಬೇಡ ಅಂದರೆ ಯಾಕೆ ಅನ್ನುತ್ತಾರೆ. ಧನ್ಯಾ ಬಾಯಿ ಬಿಡದೆ ನೋಡುತ್ತಾ ನಿಂತಳು.

ಎಂಟನೇ ದಿನ ಡಾಕ್ಟರ್ ಕೀರ್ತಿರಾಜ್ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬಂದರು. ಕೈ ತೊಳೆಯುತ್ತಾ, "ನಿಮ್ ನಾಯಿ ಹೇಗಿದೆ?" ಎಂದು ಕೇಳಿದರು.

"ವಾಸಿ ಆಗೋಯ್ತು ಸಾ. ವಾರ ಆಯ್ತು, ಏನೂ ತೊಂದ್ರೆ ಇಲ್ಲ," ಎಂದ ಅಪ್ಪ.

"ತುಂಬಾ ಸಣ್ಣಗಾಗಿದೆಯಲ್ಲ?"

"ವಯಸ್ಸಾಯ್ತಲ್ಲ ಸಾ."

ಡಾಕ್ಟರ್ ಧನ್ಯಾಳ ಕಡೆ ತಿರುಗಿದರು. "ಏನಮ್ಮ, ಹೊಟ್ಟೆ ಸರಿಯಾಗಿದೆಯಾ ಇವನಿಗೆ?"

ಅಂದು ಬೆಳಗ್ಗೆಯಷ್ಟೇ ಅವಳು ಬೂದಿಯಲ್ಲಿ ಕೆಂಪು ಕಂಡಿದ್ದಳು. ಹೇಳಿಬಿಡಲೇ ಅನ್ನಿಸಿತು. ಪಕ್ಕದಲ್ಲೇ ಅಪ್ಪ ನಿಂತಿದ್ದ.

"ಹೂಂ ಸಾರ್," ಅಂದಳು.

ಡಾಕ್ಟರ್ ಬೈಕ್ ಹತ್ತಿ ಹೊರಟುಹೋದರು.

ಮೂರು ದಿನ ಕಳೆದು ಸ್ಕೂಲಿನಿಂದ ಬಂದಾಗ ಕೆಂಚ ಹುಲ್ಲಿನ ಮೆದೆಯ ಬಳಿ ಬಿದ್ದಿತ್ತು. ಕರೆದರೆ ಕಣ್ಣು ಮಾತ್ರ ಹೊರಳಿತು. ಧನ್ಯಾ ಕಿರುಚಿದ್ದಕ್ಕೆ ಅಪ್ಪ ಓಡಿ ಬಂದ. ಕೆಂಚನನ್ನು ಗೋಣಿಚೀಲದ ಮೇಲೆ ಮಲಗಿಸಿ, ಧನ್ಯಾಳನ್ನೂ ಕೂರಿಸಿಕೊಂಡು ಗೂಡ್ಸ್ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರ್ ಕೆಂಚನ ತುಟಿ ಎತ್ತಿ ನೋಡಿದರು. ಒಸಡು ಬೆಳ್ಳಗಾಗಿತ್ತು. "ಎಷ್ಟು ದಿನದಿಂದ ರಕ್ತ ಹೋಗ್ತಿದೆ?"

"ರಕ್ತವಾ? ನನ್ ಕಣ್ಣಿಗ್ ಬಿದ್ದಿಲ್ಲ ಸಾ."

"ಮನೆ ನಾಯಿ ಪುಟ್ಟರಾಜು ಅವರೇ. ದಿನಾ ನೋಡೋರು ನೀವು, ನಿಮಗೆ ಗೊತ್ತಿಲ್ಲ ಅಂದ್ರೆ ಹೇಗೆ?"

ಅಪ್ಪ ತಲೆ ತಗ್ಗಿಸಿದ. "ನಂದೇ ತಪ್ಪು ಸಾ. ಅವ್ವನ್ನ ನೋಡ್ಕಳದ್ರಲ್ಲಿ ಇದ್ರ ಕಡೆ ನಿಗಾ ಇಡ್ನಿಲ್ಲ."

ಅಪ್ಪ ಹಾಗೆ ತಲೆ ತಗ್ಗಿಸಿದ್ದನ್ನು ಧನ್ಯಾ ಎಂದೂ ನೋಡಿರಲಿಲ್ಲ. ಅವಳು ಮುಂದೆ ಬಂದಳು.

"ಅಪ್ಪಂಗೆ ಗೊತ್ತಿಲ್ಲ ಸಾರ್. ನಾನು ದಿನಾ ತೊಳ್ದುಬಿಡ್ತಿದ್ದೆ. ಹನ್ನೊಂದು ದಿನದಿಂದ. ರಕ್ತ ನಾಲ್ಕು ದಿನದಿಂದ ಬರ್ತಿದೆ."

"ಯಾಕಮ್ಮ ಹೇಳಲಿಲ್ಲ?"

ಧನ್ಯಾ ಅಪ್ಪನ ಮುಖ ನೋಡಿದಳು. ಅಪ್ಪನಿಗೆ ಅರ್ಥವಾಯಿತು. ಅವನು ಕಿಟಕಿಯ ಕಡೆ ತಿರುಗಿಕೊಂಡ.

ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರ್ ಹೇಳಿದರು: "ತುಂಬಾ ಸುಸ್ತಾಗಿದೆ, ಉಳಿಯೋದು ಕಷ್ಟ. ಮೊದ್ಲೇ ಬಂದಿದ್ರೆ ಉಳೀತಿತ್ತು ಅಂತ ಹೇಳಕ್ಕಾಗಲ್ಲ. ಉಳೀತಿರ್ಲಿಲ್ಲ ಅಂತಾನೂ ಹೇಳಕ್ಕಾಗಲ್ಲ. ನೀನೇ ದಿನಾ ಸಂಜೆ ಫೋನ್ ಮಾಡಮ್ಮ. ಏನ್ ನೋಡಿದ್ಯೋ ಅಷ್ಟನ್ನೇ ಹೇಳು."

ವಾಪಸ್ಸು ಬರುವಾಗ ಧನ್ಯಾ ಕೇಳಿದಳು, "ಅಪ್ಪ, ನಿಜ್ವಾಗ್ಲೂ ರೋಡಲ್ಲಿ ಬಿಟ್ಬುಡ್ತಿದ್ಯಾ?"

ಹೇಮಾವತಿ ಹೊಳೆಯ ಸೇತುವೆ ದಾಟಿದ ಮೇಲೆ ಅಪ್ಪ ಅಂದ, "ಸಿಟ್ನಲ್ಲಿ ಅಂದ್ಬುಟ್ಟೆ ಕಣವ್ವ. ಬಿಡ್ತಿದ್ನೋ ಏನೋ, ನಂಗೂ ಗೊತ್ತಿಲ್ಲ."

ಮೊದಲ ಸಂಜೆ ಕೆಂಚ ನಾಲ್ಕು ಚಮಚ ಗಂಜಿ ನೆಕ್ಕಿತು. ಎರಡನೇ ಸಂಜೆ ಎರಡು ಚಮಚ. ಧನ್ಯಾ ಎರಡನ್ನೂ ಫೋನಿನಲ್ಲಿ ಹೇಳಿದಳು.

ಮೂರನೇ ಸಂಜೆ ಅಪ್ಪ ಫೋನ್ ಮಾಡಿ ಅವಳ ಕೈಗೆ ಕೊಟ್ಟ. ಅಮ್ಮ ಕೊಟ್ಟಿಗೆಯಿಂದ ಎದ್ದು ಬಂದಳು. ಅಜ್ಜಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಾಗಿಲವರೆಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

"ಹೇಗಿದೆಯಮ್ಮ?" ಎಂದರು ಡಾಕ್ಟರ್.

ಪರವಾಗಿಲ್ಲ ಸಾರ್ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಹಾಗಂದರೆ ಮನೆಯವರೆಲ್ಲ ಇವತ್ತೊಂದು ರಾತ್ರಿ ನೆಮ್ಮದಿಯಾಗಿ ಮಲಗುತ್ತಾರೆ. ಅವಳು ಕೆಂಚನ ಪಕ್ಕೆಲುಬು ಮೇಲೆ ಕೆಳಗೆ ಆಗುವುದನ್ನು ನೋಡಿದಳು. ಹೇಳಬೇಕಾದ್ದು ಏನೆಂದು ಅವಳಿಗೆ ಗೊತ್ತಿತ್ತು.

"ನೀರು ಬಾಯಿಗೆ ಬಿಟ್ರೆ ಹೊರಗೇ ಬರ್ತಿದೆ ಸಾರ್. ಬೆಳಗ್ಗೆಯಿಂದ ಎದ್ದಿಲ್ಲ. ರಕ್ತ ಜಾಸ್ತಿ ಆಗಿದೆ." ಕೆಂಚನ ತಲೆ ಸವರುತ್ತಾ ಅಂದಳು, "ಅವ್ನಿಗೆ ತುಂಬಾ ನೋವಾಗ್ತಿದೆ ಸಾರ್. ಉಳಿಯಲ್ಲ ಅನ್ಸುತ್ತೆ."

ಡಾಕ್ಟರ್ ಅಂದರು, "ಈಗಲೇ ಬರ್ತೀನಿ. ನೋವಾದ್ರೂ ಕಡಿಮೆ ಮಾಡೋಣ."

ಅಪ್ಪ ಜಗುಲಿಯ ಲೈಟು ಹಾಕಿ, ಕೆಂಚನ ಇನ್ನೊಂದು ಪಕ್ಕದಲ್ಲಿ ಬಂದು ಕೂತ. ಧನ್ಯಾ ಕೆಂಚನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಲ್ಲರ ಎದುರಿಗೇ ಜೋರಾಗಿ ಅತ್ತಳು.